ನಿಮಗಿದು ಗೊತ್ತೆ? ಸಾವಿನ ಮನೆಯ ಕುಣಿತ, ಶಾಲೆಯ ಆಟ!
ಅಮೆರಿಕದ ಶಾಲೆಗಳ ಡಾನ್ಸ್ ಪಾರ್ಟಿಯಲ್ಲಿ ಮಕ್ಕಳು ಬೆನ್ನು ಹಿಂದಕ್ಕೆ ಬಾಗಿಸಿ ಅಡ್ಡಕೋಲಿನಡಿ ನುಸುಳುವ 'ಲಿಂಬೊ' ಆಟ ಹುಟ್ಟಿದ್ದು ಸಾವಿನ ಮನೆಯಲ್ಲಿ!

ಕೆರಿಬಿಯನ್ ದ್ವೀಪ ಟ್ರಿನಿಡಾಡ್‌ನಲ್ಲಿ ಯಾರಾದರೂ ತೀರಿಕೊಂಡರೆ ಬಂಧುಬಳಗ ರಾತ್ರಿ ಜಾಗರಣೆ ಕೂರುತ್ತಿತ್ತು. ಆಗಿನ ಕುಣಿತಗಳಲ್ಲಿ ಇದೂ ಒಂದು. ಕೋಲನ್ನು ಕೆಳಗಿನಿಂದ ಮೇಲಕ್ಕೆ ಏರಿಸುತ್ತ ಹೋಗುತ್ತಿದ್ದರಂತೆ. ಸಾವಿನಿಂದ ಬದುಕಿನತ್ತ ಏಳುವ ಸಂಕೇತವದು. ಈಗಿನದು ಪೂರಾ ಉಲ್ಟಾ. ಸುತ್ತು ಸುತ್ತಿಗೂ ಕೋಲು ಕೆಳಗಿಳಿಯುತ್ತದೆ. ಕೋಲು ತಗುಲಿದರೆ ಔಟ್, ಕೈ ನೆಲಕ್ಕೆ ಊರಿದರೂ ಔಟ್.

1950ರ ದಶಕದಲ್ಲಿ ಟ್ರಿನಿಡಾಡ್‌ನ ನರ್ತಕಿ ಜೂಲಿಯಾ ಎಡ್ವರ್ಡ್ಸ್ ವೇದಿಕೆಯ ಮೇಲೆ ಇದನ್ನು ಜನಪ್ರಿಯಗೊಳಿಸಿದರು. ಕೋಲಿಗೆ ಬೆಂಕಿ ಹಚ್ಚಿ ಅದರಡಿ ನುಸುಳುವ ಪ್ರದರ್ಶನಗಳೂ ಬಂದವು. (ಶಾಲೆಗಳು ಬೆಂಕಿಯನ್ನು ಕೈಬಿಟ್ಟಿದ್ದು ಒಳ್ಳೆಯದೇ ಆಯಿತು.) 1962ರಲ್ಲಿ ಚಬ್ಬಿ ಚೆಕರ್ ಹಾಡಿದ 'ಲಿಂಬೊ ರಾಕ್' ಅಮೆರಿಕದ ಹದಿಹರೆಯದವರಿಗೆ ಲಿಂಬೊ ಹುಚ್ಚು ಹಿಡಿಸಿತು.

2010ರಲ್ಲಿ ಟ್ರಿನಿಡಾಡ್ ಮೂಲದ ಶೆಮಿಕಾ ಚಾರ್ಲ್ಸ್ ನೆಲದಿಂದ ಬರೀ ಎಂಟೂವರೆ ಇಂಚು ಎತ್ತರದ ಕೋಲಿನಡಿ ದಾಟಿ ಗಿನ್ನೆಸ್ ದಾಖಲೆ ಬರೆದರು. ಕಾಲಿಗೆ ಸ್ಕೇಟ್ ಕಟ್ಟಿದ 'ಲಿಂಬೊ ಸ್ಕೇಟಿಂಗ್' ನಮ್ಮಲ್ಲೂ ಉಂಟು. ಬೆಂಗಳೂರಿನ ಆರು ವರ್ಷದ ಪೋರನೊಬ್ಬ ಸಾಲಾಗಿ ನಿಂತ 39 ಕಾರುಗಳಡಿ ತೂರಿ ಆಚೆ ಬಂದಿದ್ದ.