ಕಾವಲಿನ ಗೋಡೆ: ಒಂದು ಲೆಕ್ಕ

ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟವನ್ನು ಅಶೋಕನ ಶಾಸನದಿಂದಾಗಿ ನೀವು ಬಲ್ಲಿರಿ. ಈ ಸೀಮೆ ಮ್ಯಾಸಬೇಡರದು. ಅವರ ದೇವರ ಎತ್ತುಗಳಿಗೂ ಕುರಿಮಂದೆಗಳಿಗೂ ಹುಲ್ಲುಗಾವಲೇ ಆಧಾರ. ನೆರೆಯ ಚಳ್ಳಕೆರೆಯ ಅಮೃತಮಹಲ್ ಕಾವಲುಗಳಲ್ಲಿ 2009ರಿಂದೀಚೆಗೆ ಹಲವು ವಿಜ್ಞಾನ ಸಂಸ್ಥೆಗಳಿಗೆ ಭೂಮಿ ಕೊಡಲಾಯಿತು. ರಕ್ಷಣಾ ಸಂಶೋಧನಾ ಸಂಸ್ಥೆಯೊಂದಕ್ಕೇ 4,290 ಎಕರೆ. ಗೋಡೆ ಏಳತೊಡಗಿದ ಮೇಲೆಯೇ ಹಲವು ಹಳ್ಳಿಗರಿಗೆ ವಿಷಯ ತಿಳಿದದ್ದು. 2013ರಲ್ಲಿ ಪ್ರಕರಣ ಹಸಿರು ನ್ಯಾಯಮಂಡಳಿ ಮುಟ್ಟಿತು.

ಒಂದು ಲೆಕ್ಕ ಮಾಡಿ ನೋಡಿ. 4,290 ಎಕರೆ ಎಂದರೆ ಸುಮಾರು 17.4 ಚದರ ಕಿಲೋಮೀಟರ್. ಇದನ್ನು ಚೌಕವೆಂದು ಭಾವಿಸಿದರೆ ಬಾಹು 4.2 ಕಿ.ಮೀ. ಒಂದು ಬದಿಯ ನಡುವಿನಿಂದ ಎದುರು ಬದಿಯ ನಡುವಿಗೆ ನೇರ ದಾರಿ 4.2 ಕಿ.ಮೀ. ಆದರೆ, ಗೋಡೆ ಬಳಸಿ ಹೋದರೆ 8.4. ಹೋಗಿಬರುವಾಗ ಮಂದೆ 8.4 ಕಿ.ಮೀ. ಹೆಚ್ಚು ನಡೆಯಬೇಕು, ಮೇದ ಹುಲ್ಲಿನ ಶಕ್ತಿಯ ಒಂದು ಪಾಲು ನಡಿಗೆಗೇ ಖರ್ಚು!

ವಿಮಾನ ಪರೀಕ್ಷೆಗೆ ಬಯಲು ಬೇಕು, ನಿಜ. 2017ರಲ್ಲಿ ಅಲ್ಲಿ ಪರೀಕ್ಷಾ ನೆಲೆಯೂ ಉದ್ಘಾಟನೆಯಾಯಿತು. ಆದರೆ ಗಾಳಿಯ ದಿಕ್ಕು ನಿರ್ಧರಿಸುವುದು ರನ್‌ವೇಯನ್ನು, ಗೋಡೆಯ ಆಕಾರವನ್ನಲ್ಲ. ಮಂದೆಯ ದಾರಿ, ನೀರಿನ ತಾಣ ಕುರಿಗಾಹಿಗಳಿಗೆ ಬಾಯಿಪಾಠ. ನಕ್ಷೆ ಬರೆಯುವ ಮೊದಲೇ ಅವರನ್ನು ಕೂರಿಸಿಕೊಂಡು, ರನ್‌ವೇಗೆ ಅಡ್ಡಬಾರದಂತೆ 100 ಮೀಟರ್ ಅಗಲದ ಓಣಿಯೊಂದನ್ನು ಬಿಡಬಹುದಿತ್ತು. ನಮ್ಮ ಚೌಕದಲ್ಲಿ ಅದಕ್ಕೆ ಬೇಕಾಗುವ ನೆಲ ಸುಮಾರು 104 ಎಕರೆ, ಒಟ್ಟಿನ ನಲವತ್ತರಲ್ಲೊಂದು ಪಾಲು.