ಮರದ ದಿನಚರಿ, ನಾಡಿನ ಜಾಲ

ಮೂವತ್ತು ವರ್ಷಕ್ಕೂ ಮಿಕ್ಕಿ ನಾನು ತರಗತಿಯಲ್ಲಿ ಅಷ್ಟಾದಶ ವರ್ಣನೆಗಳನ್ನು ಪಾಠ ಹೇಳಿದವನು. ವಸಂತದಲ್ಲಿ ಮಾವು ಚಿಗುರುವುದನ್ನೂ ಕೋಗಿಲೆ ಉಲಿಯುವುದನ್ನೂ ಪಂಪನನ್ನು ಮುಂದಿಟ್ಟುಕೊಂಡು ವಿವರಿಸಿದವನು. ಆದರೆ ನಮ್ಮ ಬೀದಿಯ ಹೊಂಗೆಯ ಸಾಲು ಯಾವ ವಾರ ಹೂ ಬಿಡುತ್ತದೆಂದು ಯಾರಾದರೂ ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ. ಈ ಅಜ್ಞಾನಕ್ಕೆ ಬೆಲೆ ತೆರಬೇಕಾದುದು ರಸ್ತೆ ಅಗಲಗೊಳಿಸುವ ಪ್ರಸ್ತಾಪ ಬಂದಾಗ. ಆಕ್ಷೇಪಣೆ ಹಿಡಿದು ಕಚೇರಿಗೆ ಹೋದ ನಮ್ಮನ್ನು ಅಧಿಕಾರಿಯೊಬ್ಬರು ಸೌಜನ್ಯದಿಂದಲೇ ಕೇಳಿದರು: "ಮರಗಳೆಷ್ಟು? ಯಾವ ಜಾತಿ? ಅವುಗಳಲ್ಲಿ ಯಾವ ಹಕ್ಕಿ ಗೂಡು ಕಟ್ಟುತ್ತದೆ?" ನಾವು ಐದು ಮಂದಿ ಐದು ಲೆಕ್ಕ ಹೇಳಿದೆವು. ಸಾಲಿನ ಅರ್ಧ ಉರುಳಿತು.

ಕಾನೂನು ಇಲ್ಲದಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. 2002ರ ಜೀವವೈವಿಧ್ಯ ಅಧಿನಿಯಮವು ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಒಂದು ಸಮಿತಿಯಿರಬೇಕೆಂದು ವಿಧಿಸಿತು. ಊರಿನ ಗಿಡಮರ, ಪ್ರಾಣಿಪಕ್ಷಿಗಳ ದಾಖಲೆಯನ್ನು ಊರಿನವರ ತಿಳಿವಳಿಕೆಯಿಂದಲೇ ಸಿದ್ಧಗೊಳಿಸುವುದು ಆ ಸಮಿತಿಯ ಕೆಲಸ. ಆದರೆ ಊರಿನವರಿಗೇ ತಿಳಿಯದಿದ್ದರೆ ದಾಖಲೆಯಲ್ಲಿ ಬರೆಯುವುದೇನನ್ನು?

ಪರಿಸರಕ್ಕಾಗಿ ಊರೂರನ್ನು ಬೆಸೆಯುವ ಯತ್ನ ನಮ್ಮಲ್ಲಿ ಹೊಸದಲ್ಲ. 1983ರಲ್ಲಿ ಶಿರಸಿಯ ಸೀಮೆಯ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ನಿಂತರು. 1987ರ ನವೆಂಬರಿನಲ್ಲಿ ಕನ್ಯಾಕುಮಾರಿಯಿಂದ ಒಂದು ತಂಡವೂ ಮಹಾರಾಷ್ಟ್ರದ ನವಾಪುರದಿಂದ ಇನ್ನೊಂದು ತಂಡವೂ ಕಾಲ್ನಡಿಗೆಯಲ್ಲಿ ಹೊರಟು, ಸುಮಾರು ನೂರು ದಿನ ನಡೆದು, ಗೋವೆಯಲ್ಲಿ ಸಂಧಿಸಿದವು. ಪಶ್ಚಿಮ ಘಟ್ಟ ಒಂದೇ ದೇಹವೆಂದು ಅವರು ಪಾದಗಳಿಂದ ತೋರಿಸಿಕೊಟ್ಟರು. ಆಗ ತರುಣ ಅಧ್ಯಾಪಕನಾಗಿದ್ದ ನಾನು ಪತ್ರಿಕೆಯಲ್ಲಿ ಓದಿ, ಮೆಚ್ಚಿ, ಸುಮ್ಮನಾದೆ.

ಅಂದು ಪಾದಗಳು ಮಾಡಿದ ಕೆಲಸದಲ್ಲಿ ಒಂದು ಪಾಲನ್ನು ಇಂದು ಗಣಕಯಂತ್ರದ ಜಾಲ ಮಾಡಬಲ್ಲದು. ಸೀಸನ್‌ವಾಚ್ ಎಂಬ ಕಾರ್ಯಕ್ರಮದ ಕ್ರಮವನ್ನು ನೋಡಿ. ಒಬ್ಬರು ಒಂದು ಮರವನ್ನು ಆರಿಸಿಕೊಳ್ಳಬೇಕು. ವಾರಕ್ಕೊಮ್ಮೆ ಅದರ ಮುಂದೆ ನಿಂತು, ಎಲೆ, ಹೂ, ಕಾಯಿಗಳು ಇಲ್ಲವೋ, ಕೆಲವೋ, ಬಹಳವೋ ಎಂದು ಬರೆದು ಕಳುಹಿಸಬೇಕು. ಇಷ್ಟೇ. ಕೇರಳದ ಶಾಲಾಮಕ್ಕಳು ಇದರಲ್ಲಿ ವಿಶೇಷವಾಗಿ ತೊಡಗಿದ್ದಾರೆ. ಒಂದು ಮರದ ದಿನಚರಿ ಕೇವಲ ಕುತೂಹಲ. ಅದೇ ಬಗೆಯ ಸಾವಿರ ಮರಗಳ ದಿನಚರಿ ವರ್ಷಾನುವರ್ಷ ಕೂಡಿಬಂದರೆ, ಋತುಮಾನ ಪಲ್ಲಟಗೊಂಡಿದೆಯೇ ಎಂಬುದಕ್ಕೆ ಅದು ಸಾಕ್ಷ್ಯ. ಅದೇ ಕೇರಳದಲ್ಲಿ 2015ರಿಂದ 2020ರವರೆಗೆ ಸಾವಿರಕ್ಕೂ ಮಿಕ್ಕ ಸ್ವಯಂಸೇವಕರು ರಾಜ್ಯವನ್ನು ಚೌಕಗಳಾಗಿ ವಿಂಗಡಿಸಿಕೊಂಡು, ಮಳೆಗಾಲದಲ್ಲೂ ಬೇಸಗೆಯಲ್ಲೂ ಹಕ್ಕಿಗಳನ್ನು ಎಣಿಸಿ, ಸುಮಾರು 3 ಲಕ್ಷ ದಾಖಲೆಗಳ ಪಕ್ಷಿನಕಾಶೆಯನ್ನು ರಚಿಸಿದರು.

ಇಂಥ ಜಾಲಕ್ಕೆ ಯಂತ್ರಕ್ಕಿಂತ ಮೊದಲು ಬೇಕಾದುದು ಹೆಸರುಗಳ ಹೊಂದಾಣಿಕೆ. ನಮ್ಮ ಕಕ್ಕೆ ಮಲಯಾಳಿಗಳಿಗೆ ವಿಷುವಿನ ಕಣಿಕ್ಕೊನ್ನ, ಹಿಂದಿಯವರಿಗೆ ಅಮಲ್ತಾಸ್. ನಮ್ಮಲ್ಲೇ ಮತ್ತಿ ಬೇರೆ, ಹೊಳೆಮತ್ತಿ ಬೇರೆ. ಊರಿನ ಹೆಸರನ್ನು ಬಿಡದೆ, ಶಾಸ್ತ್ರೀಯ ನಾಮವನ್ನೂ ಜೊತೆಗಿಟ್ಟರೆ ಮಾತ್ರ ಘಟ್ಟದ ಆಚೆಯವರೂ ಈಚೆಯವರೂ ಒಂದೇ ಮರದ ಮಾತನ್ನಾಡಿಯಾರು. ತಪ್ಪನ್ನು ತಿದ್ದುವ ಬಲ್ಲವರು ಬೇಕು. ಅಪರೂಪದ ಜೀವಿಗಳ ನೆಲೆ ಕಳ್ಳರ ಕಣ್ಣಿಗೆ ಬೀಳದಂತೆ ಮರೆಮಾಡುವ ಎಚ್ಚರವೂ ಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಕಾಡನ್ನು ಅಂಗೈಯಂತೆ ಬಲ್ಲ ಮುದುಕಿಯ ಕೈಯಲ್ಲಿ ಮೊಬೈಲು ಇಲ್ಲದಿರಬಹುದು. ಆಕೆಯ ಮಾತನ್ನು ಆಕೆಯ ಹೆಸರಿನಲ್ಲೇ ಬರೆದುಕೊಳ್ಳುವ ವಿನಯ ಓದಿದವರಿಗೆ ಬರಬೇಕು.

ಜಾಲ ಮರವನ್ನು ಉಳಿಸಿಬಿಡುತ್ತದೆಂದು ನಾನು ಹೇಳಲಾರೆ. ಉಳಿಸಲು ನಿಲ್ಲುವವರ ಕೈಗೆ ಅದು ಲೆಕ್ಕವನ್ನು ಕೊಡುತ್ತದೆ. ಒಂಟಿ ಬೀದಿಯ ಅಳಲಿಗೆ ನೂರು ಊರುಗಳ ಸಾಕ್ಷ್ಯವನ್ನು ಜೋಡಿಸುತ್ತದೆ.

ನಮ್ಮ ಬೀದಿಯಲ್ಲಿ ಉಳಿದಿರುವ ಹೊಂಗೆಗಳು ಹನ್ನೊಂದು. ಪ್ರತಿ ಭಾನುವಾರ ಬೆಳಗ್ಗೆ ಮೊಮ್ಮಗಳು ಮೊಬೈಲು ಹಿಡಿದು, "ತಾತ, ಹೂ ಕೆಲವೋ ಬಹಳವೋ?" ಎಂದು ಕೇಳುತ್ತಾಳೆ. ನಾನು ಕನ್ನಡಕ ಸರಿಪಡಿಸಿಕೊಂಡು, ಕತ್ತೆತ್ತಿ ನೋಡಿ, ಉತ್ತರ ಹೇಳುತ್ತೇನೆ. ವಸಂತವರ್ಣನೆಯನ್ನು ನಾನೀಗ ಮೊದಲಿನಿಂದ ಕಲಿಯುತ್ತಿದ್ದೇನೆ.