ಎತ್ತರದಿಂದ ಇಳಿಯುವ ಚೆಂಡು

2021ರ ಡಿಸೆಂಬರ್ 14ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಬ್ಯಾಸ್ಕೆಟ್‌ಬಾಲ್ ಆಟಗಾರ ಸ್ಟೀಫನ್ ಕರ್ರಿ ತಮ್ಮ 2,974ನೇ ಮೂರಂಕದ ಬುಟ್ಟಿ (ದೂರದಿಂದ ಹಾಕಿ ಮೂರು ಅಂಕ ತರುವ ಬುಟ್ಟಿ) ಗಳಿಸಿದರು. ರೇ ಅಲೆನ್ 1,300 ಪಂದ್ಯಗಳಲ್ಲಿ ಕಟ್ಟಿದ್ದ, ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ದಾಖಲೆ ಕರ್ರಿಯ 789ನೇ ಪಂದ್ಯಕ್ಕೇ ಮುರಿದುಬಿತ್ತು. 2025ರ ಮಾರ್ಚ್‌ನಲ್ಲಿ ಅವರ ಲೆಕ್ಕ 4,000 ಮುಟ್ಟಿತು. ದೈತ್ಯರೇ ತುಂಬಿರುವ ಈ ಲೀಗ್‌ನಲ್ಲಿ ಅವರ ಎತ್ತರ ಬರೀ ಆರು ಅಡಿ ಎರಡು ಅಂಗುಲ.

ಹಾಗಾದರೆ ಇದು ಸಾಧ್ಯವಾದದ್ದು ಹೇಗೆ?

ಬುಟ್ಟಿಯ ರಿಂಗ್‌ನ ವ್ಯಾಸ ಸುಮಾರು 46 ಸೆಂಟಿಮೀಟರ್, ಚೆಂಡಿನದು 24. ಹೆಚ್ಚುಕಡಿಮೆ ಎರಡು ಚೆಂಡು ಹಿಡಿಸುವಷ್ಟು ಜಾಗವಿದೆಯಲ್ಲ ಅನ್ನಿಸುತ್ತದೆ. ಆದರೆ ಅಷ್ಟೂ ಜಾಗ ಸಿಗುವುದು ಚೆಂಡು ನೆಟ್ಟಗೆ ಮೇಲಿನಿಂದ ಬಿದ್ದರೆ ಮಾತ್ರ. ಊಟದ ತಟ್ಟೆಯನ್ನು ಓರೆಯಾಗಿ ಹಿಡಿದು ನೋಡಿ, ಅದರ ವೃತ್ತ ಚಪ್ಪಟೆಯಾಗಿ ಕಾಣುತ್ತದೆ. ಓರೆಯಾಗಿ ಬರುವ ಚೆಂಡಿಗೂ ರಿಂಗ್ ಹಾಗೆಯೇ ಕಿರಿದಾಗುತ್ತದೆ. ನೆಲದ ಮಟ್ಟಕ್ಕೆ 45 ಡಿಗ್ರಿಯಲ್ಲಿ ಇಳಿದರೆ ಅದಕ್ಕೆ ಸಿಗುವ ಬಾಯಿ 32 ಸೆಂಟಿಮೀಟರ್. 30 ಡಿಗ್ರಿಯಲ್ಲಿ ಬಂದರೆ 23 ಮಾತ್ರ, ಅಂದರೆ ಚೆಂಡಿಗಿಂತಲೂ ಸಣ್ಣದು. ಕಬ್ಬಿಣಕ್ಕೆ ತಗಲದೆ ಒಳಹೋಗುವ ಮಾತೇ ಇಲ್ಲ.

ಚೆಂಡನ್ನು ಎತ್ತರಕ್ಕೆ ಹಾರಿಸಬೇಕಾದದ್ದು ಇದಕ್ಕೇ. ಆದರೆ ತೀರಾ ಎತ್ತರ ಹಾರಿಸಲು ಬಲ ಹೆಚ್ಚು ಬೇಕು, ಬಲ ಹೆಚ್ಚಿದಂತೆ ಹಿಡಿತ ತಪ್ಪುತ್ತದೆ. ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ಲ್ಯಾರಿ ಸಿಲ್ವರ್‌ಬರ್ಗ್ ಮತ್ತು ಚೌ ಟ್ರಾನ್, ಯಾರ ಅಡ್ಡಿಯೂ ಇಲ್ಲದೆ ಎಸೆಯುವ ಫ್ರೀ ಥ್ರೋಗಳನ್ನು ಕಂಪ್ಯೂಟರ್‌ನಲ್ಲಿ ಅನುಕರಿಸಿ ನೋಡಿದಾಗ, ಸುಮಾರು 52 ಡಿಗ್ರಿಯಲ್ಲಿ ಕೈಯಿಂದ ಹೊರಟು ಸೆಕೆಂಡಿಗೆ ಮೂರು ಸುತ್ತು ಹಿಮ್ಮುಖವಾಗಿ ತಿರುಗುವ ಚೆಂಡು ಬುಟ್ಟಿ ಸೇರುವ ಸಾಧ್ಯತೆ ಹೆಚ್ಚೆಂದು ತಿಳಿಯಿತು. ಈ ತಿರುಗುವಿಕೆ ಸಣ್ಣ ಸಂಗತಿಯಲ್ಲ. ರಿಂಗ್‌ಗೆ ಬಡಿದ ಕ್ಷಣ ಘರ್ಷಣೆ ಚೆಂಡಿನ ಮುನ್ನುಗ್ಗುವ ವೇಗವನ್ನು ತಗ್ಗಿಸುತ್ತದೆ. ಹೊರಗೆ ಸಿಡಿಯಬೇಕಿದ್ದ ಚೆಂಡು ಅಲ್ಲೇ ಪುಟಿದು ಒಳಗೆ ಬೀಳಬಹುದು.

ಅದೇ ನಾರ್ತ್ ಕೆರೊಲಿನಾದ ಷಾರ್ಲೆಟ್‌ನಲ್ಲಿ ಬೆಳೆದ ಕರ್ರಿ ಹೈಸ್ಕೂಲಿನಲ್ಲಿ ಚೆಂಡನ್ನು ಸೊಂಟದ ಮಟ್ಟದಿಂದ ಎಸೆಯುತ್ತಿದ್ದರು. ಎತ್ತರದ ಎದುರಾಳಿಗಳು ಅದನ್ನು ಸುಲಭವಾಗಿ ತಡೆಯುತ್ತಾರೆಂದು, ಸ್ವತಃ ಎನ್‌ಬಿಎ ಆಟಗಾರರಾಗಿದ್ದ ತಂದೆ ಡೆಲ್ ಕರ್ರಿ ಎಸೆತವನ್ನು ತಲೆಯ ಮೇಲಕ್ಕೆ ಏರಿಸಿ ಹೊಸದಾಗಿ ಕಲಿಸಿದರು. ಆ ಬೇಸಿಗೆಯಲ್ಲಿ ಹುಡುಗನಿಗೆ ದೂರದಿಂದ ಬುಟ್ಟಿ ಹಾಕಲೇ ಆಗುತ್ತಿರಲಿಲ್ಲ. ಮೈಗೂಡಿದ ಚಲನೆಯನ್ನು ಅಳಿಸಿ ಇನ್ನೊಂದನ್ನು ಸ್ನಾಯುಗಳಿಗೆ ಕಲಿಸುವುದು ಅಷ್ಟು ಕಷ್ಟ. ಮುಂದಿನ ದಾಖಲೆಗಳಿಗೆಲ್ಲ ಬುನಾದಿ ಬಿದ್ದದ್ದು ಆ ಬೇಸಿಗೆಯಲ್ಲೇ ಎನ್ನಬೇಕು.

ಫ್ರೀ ಥ್ರೋಗಳಲ್ಲಿ ಸ್ಟೀಫನ್ ಕರ್ರಿ ನೂರಕ್ಕೆ ಸುಮಾರು 91ನ್ನು ಬುಟ್ಟಿಗೆ ಹಾಕಿದ್ದಾರೆ. ಎನ್‌ಬಿಎ ಇತಿಹಾಸದಲ್ಲೇ ಇದು ಅತ್ಯುತ್ತಮ ಸರಾಸರಿ. 2015-16ರ ಋತುವಿನಲ್ಲಿ 402 ಮೂರಂಕದ ಬುಟ್ಟಿ ಹಾಕಿದರು. ಹಿಂದಿನ ದಾಖಲೆ 286, ಅದೂ ಅವರದೇ. ಆ ವರ್ಷ ಎಲ್ಲ ಮತಗಳನ್ನೂ ಪಡೆದು ಲೀಗ್‌ನ ಅತಿ ಮೌಲ್ಯಯುತ ಆಟಗಾರರಾದರು. ಹಾಗೆ ಸರ್ವಾನುಮತದಿಂದ ಆಯ್ಕೆಯಾದವರಲ್ಲಿ ಅವರೇ ಮೊದಲಿಗರು. ಈ ನಡುವೆ ಇಡೀ ಲೀಗ್‌ನ ಆಟವೇ ಬದಲಾಯಿತು: ಅವರು ಕಾಲಿಟ್ಟ 2009-10ರಲ್ಲಿ ಒಂದು ತಂಡ ಪಂದ್ಯವೊಂದರಲ್ಲಿ ಸರಾಸರಿ 18 ಸಲ ಮೂರಂಕಕ್ಕೆ ಯತ್ನಿಸುತ್ತಿತ್ತು. 2023-24ರ ಹೊತ್ತಿಗೆ ಅದು 35 ಆಗಿತ್ತು.